ಧರ್ಮ ಬಿಡದ ಹೆಣ್ಣಿಗೆ 30 ದಿನಗಳ ಕಾವಲು

ಮಾನ್ಯ ಸಂಪಾದಕರೇ,

ಮದುವೆಗಾಗಿ ಹೆಣ್ಣುಮಕ್ಕಳು ಧರ್ಮ ಬದಲಿಸುತ್ತಾರೆ ಎಂಬ ವಾದ ಟಿವಿಯಲ್ಲಿ, ವಿಧಾನಸಭೆಯಲ್ಲಿ, ಓದುಗರ ಪತ್ರಗಳಲ್ಲಿ ಬೇಕಾದಷ್ಟು ನಡೆದಿದೆ. ಆದರೆ ತನ್ನ ಧರ್ಮವನ್ನು ತಾನು ಇಟ್ಟುಕೊಂಡು, ಅವನ ಧರ್ಮವನ್ನು ಅವನಿಗೇ ಬಿಟ್ಟು ಮದುವೆಯಾಗುತ್ತೇನೆ ಎಂದು ಒಬ್ಬ ಹುಡುಗಿ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದರೆ ಅಲ್ಲಿ ಏನಾಗುತ್ತದೆ ಎಂದು ಕೇಳಿದವರು ಕಡಿಮೆ. ಅದನ್ನು ಹಂತಹಂತವಾಗಿ ಬರೆಯುವುದು ಅಗತ್ಯವೆನಿಸಿ ಈ ಪತ್ರ.

ಮೊದಲು ಉಳಿದವರ ಮದುವೆ ಹೇಗಾಗುತ್ತದೆ ನೋಡಿ. ಇಬ್ಬರೂ ಹಿಂದೂಗಳಾಗಿದ್ದರೆ, ಜಾತಿ ಬೇರೆಯಾದರೂ ಸರಿ, 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕಾಯುವ ಅವಧಿ ಎಂಬುದೇ ಇಲ್ಲ. ಶಾಸ್ತ್ರ ಮುಗಿಸಿ, ಲಗ್ನಪತ್ರಿಕೆ, ಫೋಟೊ, ವಯಸ್ಸಿನ ದಾಖಲೆ, ಸಾಕ್ಷಿಗಳ ಜೊತೆ ಹೋದರೆ ನೋಂದಣಿ ಆಗುತ್ತದೆ. ಇಬ್ಬರೂ ಮುಸ್ಲಿಮರಾದರೆ ಸಾಕ್ಷಿಗಳ ಎದುರು ಒಪ್ಪಿಗೆ ಹೇಳಿ, ವರ ವಧುವಿಗೆ ಕೊಡಬೇಕಾದ ಮೆಹರ್ ಗೊತ್ತುಮಾಡಿ, ನಿಕಾಹ್ ಅಂದೇ ಮುಗಿಯುತ್ತದೆ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ನಮ್ಮ ಕಡೆಯ ಮದುವೆಗೂ ರೂಢಿಯ ಹೆಸರಿನಲ್ಲಿ ಹಿಂದೂ ವಿವಾಹ ಕಾಯ್ದೆಯ 5ನೇ ಕಲಂ ವಿನಾಯಿತಿ ಕೊಟ್ಟಿದೆ. ಹುಡುಗಿ ಮನಸಾರೆ ಒಪ್ಪಿದಳೋ, ಅಜ್ಜಿಯ ಹಟಕ್ಕೆ ಕೊರಳೊಡ್ಡಿದಳೋ ಎಂದು ಯಾವ ಕಚೇರಿಯೂ ಒಂದು ದಿನ ತಡೆದು ವಿಚಾರಿಸುವುದಿಲ್ಲ. ಮನೆಯವರು ಆರಿಸಿದ ಗಂಡಿಗೆ ಕಾನೂನು ಯಾವ ಕಾವಲನ್ನೂ ಇಟ್ಟಿಲ್ಲ. ಹೆಣ್ಣೇ ಆರಿಸಿಕೊಂಡ ಗಂಡು ಬೇರೆ ಧರ್ಮದವನಾಗಿದ್ದರೆ ಮಾತ್ರ 30 ದಿನ.

ಆ 30 ದಿನ ಇರುವುದು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಾಗಿರುವ ಜಿಲ್ಲೆಯ ವಿವಾಹಾಧಿಕಾರಿಗೆ ಲಿಖಿತ ನೋಟಿಸ್ ಕೊಡಬೇಕು. ನಮ್ಮಲ್ಲಿ ಈ ಕೆಲಸ ನೋಂದಣಿ ಇಲಾಖೆಯ ಅಧಿಕಾರಿಗಳದ್ದು. ಹೆಸರು, ವಯಸ್ಸು, ಉದ್ಯೋಗ, ಅವಿವಾಹಿತೆಯೋ ವಿಧವೆಯೋ ವಿಚ್ಛೇದಿತೆಯೋ, ಈಗಿನ ವಿಳಾಸ, ಖಾಯಂ ವಿಳಾಸ, ಅಲ್ಲಿ ಎಷ್ಟು ದಿನದಿಂದ ವಾಸ, ಇಷ್ಟೂ ಆ ನಮೂನೆಯಲ್ಲಿರುತ್ತದೆ. 6ನೇ ಕಲಮಿನಂತೆ ಅದು ನೋಟಿಸ್ ಪುಸ್ತಕಕ್ಕೆ ಏರುತ್ತದೆ. ಆ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ತೆರೆದು ನೋಡಬಹುದು. ಒಂದು ಪ್ರತಿಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸುತ್ತಾರೆ. 30 ದಿನ ಕಳೆದ ಮೇಲೆ, ಆಕ್ಷೇಪಣೆ ಬಾರದಿದ್ದರೆ, ಇಬ್ಬರೂ ಮೂವರು ಸಾಕ್ಷಿಗಳೊಂದಿಗೆ ಬಂದು ಘೋಷಣೆಗೆ ಸಹಿ ಹಾಕಿ, ತಮಗೆ ಅರ್ಥವಾಗುವ ಭಾಷೆಯಲ್ಲಿ ಪರಸ್ಪರರನ್ನು ಪತಿ, ಪತ್ನಿಯಾಗಿ ಸ್ವೀಕರಿಸಿದ್ದೇವೆ ಎಂದು ಅಧಿಕಾರಿಯ ಎದುರು ಹೇಳಬೇಕು. ಹಾರ ಹಾಕಲಿ, ತಾಳಿ ಕಟ್ಟಲಿ, ಏನೂ ಮಾಡದಿರಲಿ, ಕಾಯ್ದೆಗೆ ತಕರಾರಿಲ್ಲ. ಪ್ರಮಾಣಪತ್ರ ಕೈಗೆ ಬಂದರೆ ಅದೇ ಅಂತಿಮ ಪುರಾವೆ.

ಈ ಕಾಯ್ದೆ ಯಾಕಾಗಿ ಹುಟ್ಟಿತು ಎಂಬುದನ್ನು ನೆನಪಿಸಬೇಕಾಗಿದೆ. 1872ರಲ್ಲಿ ಬಂದ ಮೊದಲ ವಿಶೇಷ ವಿವಾಹ ಕಾಯ್ದೆಯಲ್ಲಿ ‘ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ’ ಎಂದು ಘೋಷಿಸಿದವರಿಗಷ್ಟೇ ಮದುವೆ. ಅಂದರೆ ಧರ್ಮ ಬಿಟ್ಟವರಿಗೆ ಮಾತ್ರ. ಬ್ರಹ್ಮ ಸಮಾಜದ ಕೇಶವಚಂದ್ರ ಸೇನರ ಒತ್ತಾಯದಿಂದ ಬಂದ ಕಾಯ್ದೆ ಅದು. 1923ರಲ್ಲಿ ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮೊಳಗೆ ಮದುವೆಯಾಗಲು ಧರ್ಮ ಬಿಡಬೇಕಿಲ್ಲ ಎಂದಾಯಿತು. 1954ರಲ್ಲಿ ಎಲ್ಲ ಧರ್ಮದವರಿಗೂ ಬಾಗಿಲು ತೆರೆಯಿತು. ಧರ್ಮ ಬಿಡದೆ ಮದುವೆಯಾಗುವ ಹಕ್ಕಿಗೆ 82 ವರ್ಷ ಹಿಡಿಯಿತು. ಬಾಗಿಲು ತೆರೆದವರೇ ಹೊಸ್ತಿಲನ್ನು ಎತ್ತರಿಸಿದರು. 1872ರ ಕಾಯ್ದೆಯಲ್ಲಿ ನೋಟಿಸಿನ ಅವಧಿ 14 ದಿನ ಇದ್ದದ್ದು 1954ರಲ್ಲಿ 30 ಆಯಿತು.

ಆ ಎತ್ತರದ ಹೊಸ್ತಿಲ ಫಲ ಇಂದು ಕಣ್ಣೆದುರಿಗಿದೆ. ವಿಷಯ ಮನೆಯಲ್ಲಿ ತಿಳಿದರೆ ಕೂಡಿಹಾಕುತ್ತಾರೆ ಎಂದು ಗೊತ್ತಿರುವ ಹುಡುಗಿಗೆ ಒಂದು ತಿಂಗಳ ಡಂಗುರ ಸಾವು ಬದುಕಿನ ಪ್ರಶ್ನೆ. ಇಬ್ಬರಲ್ಲಿ ಒಬ್ಬರು ಧರ್ಮ ಬದಲಿಸಿಬಿಟ್ಟರೆ ನಿಕಾಹ್ ಆದರೂ ಅಂದೇ, ಹಿಂದೂ ಧರ್ಮಕ್ಕೆ ಸೇರಿಸುವ ಶುದ್ಧಿ ಮಾಡಿಸಿ ಸಪ್ತಪದಿ ತುಳಿದರೂ ಅಂದೇ. ಆಗ ಬದಲಾಗುವವಳು ಸಾಮಾನ್ಯವಾಗಿ ಹೆಣ್ಣೇ, ಗಂಡನ ಮನೆಗೆ ಹೋಗುವವಳು ಅವಳೇ ತಾನೆ ಎಂಬ ಹಳೆಯ ಲೆಕ್ಕದಲ್ಲಿ. ಅವಳಿಗೆ ಆ ಧರ್ಮದ ಮೇಲೆ ನಂಬಿಕೆ ಹುಟ್ಟಿ ಬದಲಾದರೆ ಅದು ಅವಳ ಆಯ್ಕೆ, ಯಾರೂ ಅಡ್ಡ ಬರಬಾರದು. ಆದರೆ ನೋಟಿಸಿಗೆ ಹೆದರಿ ಬದಲಾದರೆ ಅದನ್ನು ಆಯ್ಕೆ ಎನ್ನುವುದು ಹೇಗೆ? 2022ರಲ್ಲಿ ನಮ್ಮ ರಾಜ್ಯ ತಂದ ಮತಾಂತರ ಕಾಯ್ದೆ ಈ ದಾರಿಗೂ 30 ದಿನಗಳ ಮುನ್ಸೂಚನೆಯ ಬೇಲಿ ಹಾಕಿತು. ಹೆಚ್ಚಿನ ಶಿಕ್ಷೆಯ ವಿಭಾಗದಲ್ಲಿ ಅಪ್ರಾಪ್ತರು, ಬುದ್ಧಿ ಸ್ಥಿಮಿತದಲ್ಲಿಲ್ಲದವರ ಸಾಲಿನಲ್ಲೇ ‘ಮಹಿಳೆ’ಯನ್ನೂ ಕೂರಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಮತದಾನ ಮಾಡಲು, ಜಮೀನು ಕ್ರಯ ಮಾಡಲು, ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಲು ಯೋಗ್ಯಳಾದ ಹೆಣ್ಣು ದೇವರ ವಿಷಯದಲ್ಲಿ ಮಾತ್ರ ಮಗುವಿಗೆ ಸಮ ಎಂಬ ಆ ಸಾಲು ಓದಿದಾಗ ಆದ ನೋವು ಇನ್ನೂ ಆರಿಲ್ಲ.

ಇನ್ನು, 30 ದಿನಗಳಲ್ಲಿ ಎಲ್ಲೆಲ್ಲಿ ಎಡವುತ್ತಾರೆ ಎಂಬುದು.

ಮೊದಲನೆಯದು ವಿಳಾಸ. ಕಲಬುರಗಿಯ ಹುಡುಗಿ ಬೆಂಗಳೂರಿನ ಪಿಜಿಯಲ್ಲಿದ್ದು ಕೆಲಸ ಮಾಡುತ್ತಾಳೆ ಎಂದಿಟ್ಟುಕೊಳ್ಳಿ. ಆಧಾರ್‌ನಲ್ಲಿ ಅಪ್ಪನ ಮನೆಯ ವಿಳಾಸ. ಇಬ್ಬರಲ್ಲಿ ಯಾರೊಬ್ಬರ ಖಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೂ ನೋಟಿಸಿನ ಪ್ರತಿಯನ್ನು ಆ ಜಿಲ್ಲೆಯ ವಿವಾಹಾಧಿಕಾರಿಗೆ ಕಳಿಸಿ ಅಲ್ಲಿಯ ಫಲಕಕ್ಕೂ ಅಂಟಿಸಬೇಕು ಎನ್ನುತ್ತದೆ 6ನೇ ಕಲಮಿನ 3ನೇ ಉಪಕಲಂ. ಬೆಂಗಳೂರಿನ ಗೋಡೆಯ ಮೇಲೆ ಯಾರ ಕಣ್ಣಿಗೂ ಬೀಳದ ಹೆಸರು ಊರಿನ ಕಚೇರಿಯಲ್ಲಿ ಒಂದೇ ದಿನಕ್ಕೆ ಸುದ್ದಿ. ಜಮೀನಿನ ಕೆಲಸಕ್ಕೆ ಬಂದ ಸಂಬಂಧಿ, ಬಾಂಡ್ ಬರೆಯುವವನು, ಯಾರೋ ಒಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆದರೆ ಸಂಜೆಗೆ ಅದು ವಾಟ್ಸ್ಆ್ಯಪ್ ಗುಂಪುಗಳಲ್ಲಿ. ಆದ್ದರಿಂದ ನೋಟಿಸ್ ಕೊಡುವ ಮೊದಲೇ ಸದ್ಯದ ವಾಸಕ್ಕೆ ಗಟ್ಟಿ ದಾಖಲೆ ಮಾಡಿಕೊಳ್ಳಬೇಕು: ಬಾಡಿಗೆ ಕರಾರು, ಆಧಾರ್ ವಿಳಾಸ ಬದಲಾವಣೆ, ಬ್ಯಾಂಕ್ ಪಾಸ್‌ಬುಕ್. ನಿಜವಾಗಿ ವರ್ಷಗಳಿಂದ ಈ ಊರಲ್ಲೇ ನೆಲೆಸಿದವಳು ಇದೇ ತನ್ನ ಖಾಯಂ ವಾಸ ಎಂದು ಬರೆದರೆ ಸುಳ್ಳೇನಲ್ಲ. ತವರಿನ ವಿಳಾಸವೇ ಖಾಯಂ ಎಂದು ಬರೆಯುವುದು ನಮ್ಮ ರೂಢಿ, ಕಾನೂನಲ್ಲ. ಆದರೆ ಸುಳ್ಳು ಕರಾರು ಮಾತ್ರ ಮಾಡಿಸಬಾರದು. ಘೋಷಣೆಯಲ್ಲಿ ಸುಳ್ಳು ಹೇಳಿದರೆ ಜೈಲು ಇದೆ, ಎದುರು ಪಕ್ಷದ ವಕೀಲರು ಮೊದಲು ಹುಡುಕುವುದೇ ಅದನ್ನು.

ಕಚೇರಿಯಿಂದ ಹುಡುಗಿಯ ಮನೆಗೆ ಅಂಚೆಯಲ್ಲಿ ನೋಟಿಸ್ ಕಳಿಸುವುದು, ಠಾಣೆಯಿಂದ ‘ವರದಿ’ ತರಿಸುವುದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಮನೆಗೆ ನೋಟಿಸ್ ಕಳಿಸುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2009ರಲ್ಲೇ ಹೇಳಿದೆ. ಕಚೇರಿಯಲ್ಲಿ ಹಾಗೆ ಹೇಳಿದರೆ ಯಾವ ನಿಯಮದಡಿ ಎಂದು ಬರವಣಿಗೆಯಲ್ಲಿ ಕೇಳಬೇಕು. ಬಾಯಿಮಾತಿನ ನಿಯಮ ಬರವಣಿಗೆಗೆ ಬಂದಾಗ ಕರಗುವುದುಂಟು.

ಎರಡನೆಯದು ವಯಸ್ಸಿನ ದಾಖಲೆ. ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು. ನಮ್ಮಲ್ಲಿ ಎಲ್ಲರೂ ನೋಡುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದು ಮನೆಯ ಬೀರುವಿನಲ್ಲಿ, ಬೀಗದ ಕೈ ಅಪ್ಪನ ಬಳಿ. ಪರೀಕ್ಷಾ ಮಂಡಳಿಯಿಂದ ಎರಡನೇ ಪ್ರತಿ, ಜನನ ನೋಂದಣಿ ಕಚೇರಿಯಿಂದ ಜನನ ಪ್ರಮಾಣಪತ್ರ ಮೊದಲೇ ಪಡೆದಿರಬೇಕು. ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಅದನ್ನೂ ಮೊದಲೇ ಸರಿಪಡಿಸಿಕೊಳ್ಳಬೇಕು. ಈಗಾಗಲೇ ಶಾಸ್ತ್ರೋಕ್ತವಾಗಿ ಮದುವೆಯಾಗಿ, ನಂತರ ಇದೇ ಕಾಯ್ದೆಯ 15ನೇ ಕಲಮಿನಲ್ಲಿ ನೋಂದಾಯಿಸಲು ಹೋಗುವವರು ಇನ್ನೊಂದು ಕಡೆ ಮುಗ್ಗರಿಸುತ್ತಾರೆ: ಅಲ್ಲಿ ಇಬ್ಬರಿಗೂ 21 ತುಂಬಿರಬೇಕು, ಹೆಣ್ಣಿಗೂ. 30 ದಿನಗಳ ಪ್ರಕಟಣೆಯೂ ತಪ್ಪುವುದಿಲ್ಲ.

ಮೂರನೆಯದು ಆಕ್ಷೇಪಣೆ. ಇದರಲ್ಲಿ ಆಗುವಷ್ಟು ಅನ್ಯಾಯ ಬೇರೆಲ್ಲೂ ಆಗುವುದಿಲ್ಲ. 4ನೇ ಕಲಮಿನಲ್ಲಿರುವುದು ನಾಲ್ಕೇ ಷರತ್ತು: ಜೀವಂತ ಸಂಗಾತಿ ಇರಬಾರದು, ಒಪ್ಪಿಗೆ ಕೊಡುವ ಮನಃಸ್ಥಿತಿ ಇರಬೇಕು, ವಯಸ್ಸು ತುಂಬಿರಬೇಕು, ಕಾನೂನು ನಿಷೇಧಿಸಿದ ಹತ್ತಿರದ ನೆಂಟಸ್ತಿಕೆ ಆಗಿರಬಾರದು. ಈ ನಾಲ್ಕರಲ್ಲಿ ಒಂದು ಮುರಿಯುತ್ತದೆ ಎಂದಷ್ಟೇ ಆಕ್ಷೇಪಿಸಬಹುದು. ‘ತಂದೆ ತಾಯಿ ಒಪ್ಪಿಲ್ಲ’, ‘ನಮ್ಮ ಕುಲದ ಪದ್ಧತಿಗೆ ವಿರುದ್ಧ’, ‘ಸಮಾಜದಲ್ಲಿ ಶಾಂತಿ ಕದಡುತ್ತದೆ’ ಎಂಬ ಅರ್ಜಿಗಳು ಆಕ್ಷೇಪಣೆಗಳೇ ಅಲ್ಲ. ಆದರೂ ಕಚೇರಿ ಅದಕ್ಕೆ ಮುದ್ರೆ ಒತ್ತಿ ಸ್ವೀಕರಿಸುತ್ತದೆ, ‘ವಿಚಾರಣೆ’ ಎಂದು ಕಡತ ತೆರೆಯುತ್ತದೆ. ಆಕ್ಷೇಪಣೆ ಬಂದ 30 ದಿನದೊಳಗೆ ಅಧಿಕಾರಿ ತೀರ್ಮಾನಿಸಬೇಕು ಎಂದಿದೆ 8ನೇ ಕಲಂ. ಎತ್ತಿಹಿಡಿದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಲು ಮತ್ತೆ 30 ದಿನ.

ಇಲ್ಲಿ ದಿನ ಎಣಿಸುವುದು ಬಹಳ ಮುಖ್ಯ. ನೋಟಿಸ್ ಕೊಟ್ಟ ದಿನದಿಂದ 3 ತಿಂಗಳೊಳಗೆ ಮದುವೆ ನಡೆಯದಿದ್ದರೆ 14ನೇ ಕಲಮಿನಂತೆ ನೋಟಿಸೇ ರದ್ದು. ಮೊದಲ 30 ದಿನ ಪ್ರಕಟಣೆಗೆ ಹೋಯಿತು. 29ನೇ ದಿನ ಯಾರೋ ಒಂದು ಅರ್ಜಿ ಹಾಕಿದರು, ವಿಚಾರಣೆಗೆ ಇನ್ನೊಂದು ತಿಂಗಳು. ಅಧಿಕಾರಿ ಮತ್ತೂ ಐದು ಸಲ ‘ಮುಂದಿನ ವಾರ ಬನ್ನಿ’ ಎಂದರೆ ಗಡುವು ಮುಗಿದು ಮತ್ತೆ ಹೊಸ ನೋಟಿಸ್, ಮತ್ತೆ 30 ದಿನ. ಮೇಲ್ಮನವಿ ಹೋದರೆ ಮಾತ್ರ ಜಿಲ್ಲಾ ನ್ಯಾಯಾಲಯದ ತೀರ್ಪಿನಿಂದ 3 ತಿಂಗಳು ಹೊಸದಾಗಿ ಸಿಗುತ್ತದೆ. ದುರುದ್ದೇಶದಿಂದ ಆಕ್ಷೇಪಿಸಿದವರಿಗೆ ವಿಧಿಸಬಹುದಾದ ಪರಿಹಾರ ಗರಿಷ್ಠ 1,000 ರೂಪಾಯಿ. 1954ರಲ್ಲಿ ಅದು ದೊಡ್ಡ ಮೊತ್ತ. ಇವತ್ತು ಒಬ್ಬ ಹುಡುಗಿಯ ಮದುವೆ ನಿಲ್ಲಿಸಲು ಅಷ್ಟು ಕೊಡಲು ಯಾರೂ ಹಿಂಜರಿಯುವುದಿಲ್ಲ.

ನಾಲ್ಕನೆಯದು ಠಾಣೆ. ಸುದ್ದಿ ತಿಳಿದ ಮನೆಯವರು ‘ಮಗಳು ನಾಪತ್ತೆ’ ಎಂದು ದೂರು ಕೊಡುತ್ತಾರೆ. 18 ತುಂಬಿದವಳನ್ನು ಪೋಷಕರ ವಶದಿಂದ ‘ಅಪಹರಿಸುವುದು’ ಎಂಬ ಅಪರಾಧ ಕಾನೂನಿನಲ್ಲಿಲ್ಲ, ಬಲವಂತವೋ ಮೋಸವೋ ಇರಬೇಕು. ಹೇಳಿಕೆ ಬೇಕಾದರೆ ಅವಳಿರುವ ಊರಿನಲ್ಲೇ ಪಡೆಯಬಹುದು, ಮ್ಯಾಜಿಸ್ಟ್ರೇಟರ ಮುಂದೆ ಈಗಿನ ಅಪರಾಧ ಪ್ರಕ್ರಿಯಾ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮಿನಲ್ಲಿ ದಾಖಲಿಸಬಹುದು. ಆದರೂ ‘ಒಮ್ಮೆ ಬಂದು ಹೇಳಿಕೆ ಕೊಟ್ಟು ಹೋಗಮ್ಮ, ಕೇಸು ಮುಚ್ಚುತ್ತೇವೆ’ ಎಂದು ಊರಿಗೇ ಕರೆಸುತ್ತಾರೆ. ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯ ಒಂದು ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋದದ್ದು ಇದೇ ಕಾರಣಕ್ಕೆ. 2021ರ ಫೆಬ್ರವರಿ 8ರಂದು ಕೋರ್ಟ್ ಎಫ್‌ಐಆರ್ ರದ್ದುಗೊಳಿಸಿತು. ಇಬ್ಬರು ವಯಸ್ಕರು ಒಪ್ಪಿದ ಮೇಲೆ ಕುಟುಂಬದ್ದಾಗಲಿ ಕುಲದ್ದಾಗಲಿ ಸಮ್ಮತಿ ಬೇಕಿಲ್ಲ ಎಂದಿತು. ಇಂಥ ಪ್ರಕರಣಗಳನ್ನು ನಿಭಾಯಿಸಲು ಪೊಲೀಸರಿಗೆ ಮಾರ್ಗಸೂಚಿ, ತರಬೇತಿ ಸಿದ್ಧಪಡಿಸಲು 8 ವಾರಗಳ ಗಡುವು ಕೊಟ್ಟಿತು. ಅದಕ್ಕೂ ಮುಂಚೆ, 2020ರ ನವೆಂಬರ್‌ನಲ್ಲಿ, ನಮ್ಮ ಹೈಕೋರ್ಟ್ ಕೂಡ ಇಷ್ಟಪಟ್ಟವರನ್ನು ಮದುವೆಯಾಗುವುದು ವಯಸ್ಕರ ಮೂಲಭೂತ ಹಕ್ಕು ಎಂದಿತ್ತು.

2018ರ ಮಾರ್ಚ್ 27ರ ಶಕ್ತಿ ವಾಹಿನಿ ಎಂಬ ಸಂಸ್ಥೆ ಮರ್ಯಾದೆಗೇಡು ಹತ್ಯೆಗಳ ವಿರುದ್ಧ ಹೂಡಿದ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಜಿಲ್ಲೆಯಲ್ಲಿ ಎಸ್ಪಿ, ಸಮಾಜ ಕಲ್ಯಾಣ ಅಧಿಕಾರಿಗಳಿರುವ ವಿಶೇಷ ಕೋಶ, 24 ಗಂಟೆಯ ಸಹಾಯವಾಣಿ, ಜೋಡಿಗಳಿಗೆ ಸುರಕ್ಷಿತ ವಸತಿ ಇರಬೇಕೆಂದಿದೆ. ಈ ವಸತಿ ಮೊದಲಿಗೆ ಒಂದು ತಿಂಗಳು, ಅಗತ್ಯವಿದ್ದರೆ ಒಂದು ವರ್ಷದವರೆಗೆ. ನೋಟಿಸ್ ಕೊಡುವ ದಿನವೇ ಎಸ್ಪಿಗೆ ಒಂದು ಪತ್ರ ಕೊಡುವುದು ಜಾಣತನ: ‘ನಾನು ವಯಸ್ಕಳು, ಸ್ವಂತ ಇಚ್ಛೆಯಿಂದ ಮದುವೆಯಾಗುತ್ತಿದ್ದೇನೆ, ನನ್ನನ್ನು ಯಾರೂ ಅಪಹರಿಸಿಲ್ಲ’ ಎಂದು ಬರೆದು, ವಯಸ್ಸಿನ ದಾಖಲೆಯ ಪ್ರತಿ ಲಗತ್ತಿಸಿ, ಸ್ವೀಕೃತಿ ಮುದ್ರೆ ಪಡೆಯಬೇಕು. ಮುಂದೆ ನಾಪತ್ತೆ ದೂರು ಬಂದಾಗ ಆ ಒಂದು ಹಾಳೆ ದೊಡ್ಡ ಆಸರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ದೂರವಾಣಿ 15100. ಕೂಡಿಹಾಕಿದ್ದರೆ 112 ಅಥವಾ 181.

ಇಷ್ಟೆಲ್ಲ ಕಷ್ಟವಿದ್ದ ಮೇಲೆ ಈ ಕಾಯ್ದೆಯೇ ಬೇಡ ಎನ್ನಬಹುದು. ಹಾಗೆನ್ನಬಾರದು. ಹೆಣ್ಣಿಗೆ ಇದರಷ್ಟು ರಕ್ಷಣೆ ಬೇರೆ ಮದುವೆಯಲ್ಲಿಲ್ಲ. ಇದರಡಿ ಮದುವೆಯಾದ ಗಂಡ, ಯಾವ ಧರ್ಮದವನೇ ಆಗಿರಲಿ, ಇನ್ನೊಬ್ಬಳನ್ನು ಮದುವೆಯಾಗುವಂತಿಲ್ಲ. ವಿಚ್ಛೇದನ ನ್ಯಾಯಾಲಯದಲ್ಲಿ ಮಾತ್ರ. ಪರಿಶಿಷ್ಟ ಜಾತಿಯ ಹೆಣ್ಣು ಇಸ್ಲಾಂಗೋ ಕ್ರೈಸ್ತ ಧರ್ಮಕ್ಕೋ ಮತಾಂತರವಾದರೆ 1950ರ ರಾಷ್ಟ್ರಪತಿ ಆದೇಶದಂತೆ ಆ ಸ್ಥಾನಮಾನ ಹೋಗುತ್ತದೆ. ಧರ್ಮ ಬಿಡದೆ ಮದುವೆಯಾದರೆ ಹೋಗುವುದಿಲ್ಲ.

‘ಬೇರೆ ಧರ್ಮದವನನ್ನು ಕಟ್ಟಿಕೊಂಡರೆ ಆಸ್ತಿಯಲ್ಲಿ ಬಿಡಿಗಾಸೂ ಇಲ್ಲ’ ಎಂದು ಹೆದರಿಸುವುದೂ ಪೊಳ್ಳು. ಅವಿಭಕ್ತ ಹಿಂದೂ ಕುಟುಂಬದವಳು ಹಿಂದೂ ಅಲ್ಲದವನನ್ನು ಈ ಕಾಯ್ದೆಯಡಿ ಮದುವೆಯಾದರೆ 19ನೇ ಕಲಮಿನಂತೆ ಕುಟುಂಬದಿಂದ ಬೇರ್ಪಟ್ಟಂತೆ. ಬೇರ್ಪಡುವುದು ಎಂದರೆ ಪಾಲು ಬೇರೆಯಾಗುವುದು, ಇಲ್ಲವಾಗುವುದಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವಳೂ ಮೊದಲ ದರ್ಜೆಯ ವಾರಸುದಾರಳೇ. ಅವಳ ಸ್ವಂತ ಆಸ್ತಿ ಮುಂದೆ ಯಾರಿಗೆ ಹೋಗಬೇಕೆಂಬುದಕ್ಕೆ ಮಾತ್ರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ. ಇಬ್ಬರೂ ಹಿಂದೂಗಳಾಗಿ ಈ ಕಾಯ್ದೆಯಡಿ ಮದುವೆಯಾದರೆ 1976ರ ತಿದ್ದುಪಡಿಯಿಂದಾಗಿ ಇದ್ಯಾವುದೂ ಬದಲಾಗದು.

ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ರೀತಿಯಲ್ಲಿ, ಪುರೋಹಿತರಿಲ್ಲದೆ ಮದುವೆಯಾಗುವವರಿಗೂ ಒಂದು ಮಾತು. ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಶಾಸ್ತ್ರವನ್ನು ಕೇಳುತ್ತದೆ. ಶಾಸ್ತ್ರವಿಲ್ಲದೆ ಬರೀ ನೋಂದಣಿಯಿಂದ ಹಿಂದೂ ಮದುವೆ ಆಗದು ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಮಿಳುನಾಡು 1967ರಲ್ಲೇ 7ಎ ಸೇರಿಸಿ ಸ್ವಾಭಿಮಾನದ ಮದುವೆಗೆ ಮಾನ್ಯತೆ ಕೊಟ್ಟಿತು, ನಮ್ಮಲ್ಲಿ ಅದಿಲ್ಲ. ಮಂತ್ರಮಾಂಗಲ್ಯದ ಜೊತೆಗೆ ವಿಶೇಷ ವಿವಾಹ ಕಾಯ್ದೆಯಡಿಯೂ ಮದುವೆಯಾಗುವುದು ಲೇಸು.

ನೋಟಿಸ್ ಇರಬೇಕು ಎನ್ನುವವರ ಒಂದು ಮಾತನ್ನು ಗೌರವದಿಂದಲೇ ಕೇಳಬೇಕು: ಈಗಾಗಲೇ ಹೆಂಡತಿ ಇರುವವನು ಹುಡುಗಿಗೆ ಮೋಸ ಮಾಡಿದರೆ? ಮೋಸ ನಡೆಯುತ್ತದೆ, ನಿಜ. ಆದರೆ ಬೆಂಗಳೂರಿನ ಗೋಡೆಗೆ ಅಂಟಿಸಿದ ಹಾಳೆಯನ್ನು ರಾಯಚೂರಿನ ಹಳ್ಳಿಯಲ್ಲಿರುವ ಮೊದಲ ಹೆಂಡತಿ ಎಲ್ಲಿ ಓದುತ್ತಾಳೆ? ಅದನ್ನು ಓದುವವರು ಹೆಣ್ಣಿನ ಅಣ್ಣಂದಿರು, ಊರಿನ ಮುಖಂಡರು. ಸಂಗಾತಿ ಇರುವಾಗ ಮತ್ತೊಂದು ಮದುವೆಯಾದರೆ 7 ವರ್ಷದವರೆಗೆ, ಮೊದಲ ಮದುವೆ ಮುಚ್ಚಿಟ್ಟು ಆದರೆ 10 ವರ್ಷದವರೆಗೆ ಜೈಲು ಈಗಲೂ ಇದೆ. ಅಂಥ ಮದುವೆ ಅನೂರ್ಜಿತ. ಮೋಸದ ಭಯವೇ ಕಾರಣವಾಗಿದ್ದರೆ ಹಿಂದೂ ವಿವಾಹಕ್ಕೂ ನೋಟಿಸ್ ಬೇಕಿತ್ತು.

2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ಕೇರಳ 2020ರಲ್ಲಿ ಈ ನೋಟಿಸುಗಳನ್ನು ಜಾಲತಾಣಕ್ಕೆ ಏರಿಸುವುದನ್ನು ನಿಲ್ಲಿಸಿತು. 2021ರ ಜನವರಿ 12ರಂದು ಅಲಹಾಬಾದ್ ಹೈಕೋರ್ಟ್, ಜೋಡಿ ಲಿಖಿತವಾಗಿ ಕೇಳಿದರೆ ಮಾತ್ರ ನೋಟಿಸ್ ಪ್ರಕಟಿಸಬೇಕು, ಇಲ್ಲವಾದರೆ ಪ್ರಕಟಿಸಬಾರದು, ಆಕ್ಷೇಪಣೆಯನ್ನೂ ಸ್ವೀಕರಿಸಬಾರದು ಎಂದಿತು. ಆ ತೀರ್ಪು ನಮ್ಮ ಕಚೇರಿಗಳಿಗೆ ಕಡ್ಡಾಯವಲ್ಲ. ಆದರೆ ಮದುವೆಯ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರದಂತೆ ರಾಜ್ಯವೂ ಕಾನೂನು ಮಾಡಬಹುದು. ತಮಿಳುನಾಡು ಮಾಡಿದಂತೆ ಕರ್ನಾಟಕವೂ ರಾಷ್ಟ್ರಪತಿಗಳ ಅಂಕಿತ ಪಡೆದು ತಿದ್ದುಪಡಿ ತರಬಹುದು. ಹರಳಯ್ಯ, ಮಧುವರಸರ ಮಕ್ಕಳ ಮದುವೆಗೆ ಶರಣರು ತಲೆ ಕೊಟ್ಟ ನಾಡಿದು. ಆ ಕಲ್ಯಾಣವನ್ನು ಪ್ರತಿ ಬಸವ ಜಯಂತಿಗೂ ನೆನೆಯುವ ಸರ್ಕಾರದಿಂದ ಇಷ್ಟನ್ನು ಕೇಳುವುದು ದೊಡ್ಡದಲ್ಲ.

ತಿದ್ದುಪಡಿಗೆ ಕಾಲ ಹಿಡಿಯುತ್ತದೆ. ಆದರೆ 50ನೇ ಕಲಂ ವಿವಾಹಾಧಿಕಾರಿಗಳ ಕರ್ತವ್ಯ, ವಿಚಾರಣೆಯ ವಿಧಾನದ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಅದಕ್ಕೆ ಶಾಸನಸಭೆಯೂ ಬೇಕಿಲ್ಲ. ನಾಲ್ಕು ಷರತ್ತಿನಲ್ಲಿ ಯಾವುದು ಮುರಿದಿದೆ ಎಂದು ಕಲಂ ನಮೂದಿಸಿ, ದಾಖಲೆ ಲಗತ್ತಿಸದ ಆಕ್ಷೇಪಣೆಯನ್ನು ಅಂದೇ ಹಿಂದಿರುಗಿಸಬೇಕು. ಮನೆಗೂ ಠಾಣೆಗೂ ನೋಟಿಸ್ ಹೋಗಬಾರದು. ನೋಟಿಸ್ ಫಲಕಕ್ಕೆ ಗಾಜಿನ ಬಾಗಿಲು, ಬೀಗ ಇರಬೇಕು, ಫೋಟೊ ತೆಗೆಯುವುದನ್ನು ತಡೆಯಬೇಕು. ನೋಟಿಸ್ ಪುಸ್ತಕ ನೋಡಲು ಬಂದವರ ಹೆಸರು, ವಿಳಾಸ, ಸಮಯ ಬರೆದಿಟ್ಟು ಸಹಿ ಪಡೆಯಬೇಕು. 31ನೇ ದಿನ ಸಮಯ ಕೇಳಿದ ಜೋಡಿಗೆ ಅದೇ ವಾರದಲ್ಲಿ ದಿನ ಕೊಡಬೇಕು. ನೋಂದಣಿ ಇಲಾಖೆ ಇಷ್ಟನ್ನು ಒಂದು ಸುತ್ತೋಲೆಯಲ್ಲಿ ಹೊರಡಿಸಿ, ಅದರ ಕನ್ನಡ ಪ್ರತಿಯನ್ನು ಅದೇ ಫಲಕದ ಪಕ್ಕದಲ್ಲಿ ತೂಗುಹಾಕಲಿ ಎಂಬುದು ನಮ್ಮ ಒತ್ತಾಯ.

– ಕಾನೂನು ನೆರವಿನ ಕೆಲಸದಲ್ಲಿರುವ ಮೂವರು ವಕೀಲೆಯರು, ಧಾರವಾಡ